ಹೊಸ ಬ್ಯಾಟರಿಗೆ 12 ಗಂಟೆ ಚಾರ್ಜ್ ಬೇಕಾ? ಒಳಗಿನ ಪದರದ ಬಗ್ಗೆ ಪ್ರಶ್ನೋತ್ತರ

ಪ್ರಶ್ನೆ (ಹಾಸನದ ಸದಸ್ಯರು): ಮೇಡಂ, ನೀವು ಲಿಥಿಯಂ ಸೆಲ್ ತಯಾರಿಕೆಯಲ್ಲಿ ಕೆಲಸ ಮಾಡ್ತೀರಿ ಅಂತ ಗ್ರೂಪಿನಲ್ಲಿ ನೋಡಿದೆ. ಹೊಸ ಎಲೆಕ್ಟ್ರಿಕ್ ಸ್ಕೂಟರ್ ತಂದಿದ್ದೇನೆ. ಮೊದಲ ಸಲ 12 ಗಂಟೆ ಬಿಡದೆ ಚಾರ್ಜ್ ಹಾಕಿ, ಇಲ್ಲಾಂದ್ರೆ ಒಳಗೆ ಪದರ ಸರಿಯಾಗಿ ಕೂರಲ್ಲ ಅಂದರು ಒಬ್ಬರು. ನಿಜವಾ?

ಉತ್ತರ: ಸೆಲ್ಲಿನೊಳಗೆ ಗ್ರಾಫೈಟಿನ ಮೇಲೆ ತೆಳುವಾದ ಪದರ ಇರುವುದು ನಿಜ ಸರ್. ಅದನ್ನು ಕೂರಿಸುವ ಕೆಲಸ ಮಾತ್ರ ನಿಮ್ಮದಲ್ಲ, ಅದು ಕಾರ್ಖಾನೆಯಲ್ಲೇ ಮುಗಿದಿರುತ್ತದೆ. ನಾವು ಅದನ್ನು ಫಾರ್ಮೇಶನ್ ಅನ್ನುತ್ತೇವೆ. ಸೆಲ್ಲಿಗೆ ಎಲೆಕ್ಟ್ರೋಲೈಟ್, ಅಂದರೆ ಲಿಥಿಯಂ ಅಯಾನುಗಳು ಓಡಾಡುವ ದ್ರವ, ತುಂಬಿ, ಅದು ಒಳಗೆಲ್ಲ ಇಂಗುವವರೆಗೆ ಕಾದು, ಮೊದಲ ಚಾರ್ಜನ್ನು ತುಂಬಾ ನಿಧಾನವಾಗಿ ಕೊಡುತ್ತೇವೆ. ಆಮೇಲೆ ಕೆಲವು ದಿನ ಸುಮ್ನೆ ಇಟ್ಟು, ವೋಲ್ಟೇಜ್ ತಾನಾಗಿ ಇಳಿಯುತ್ತದಾ ಅಂತ ನೋಡುತ್ತೇವೆ. 12 ಗಂಟೆಯ ಮಾತು ಹಳೇ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಗಳ ಕಾಲದ್ದು. ನಿಮ್ಮ ಚಾರ್ಜರ್ ತುಂಬಿದ ಮೇಲೆ ತಾನೇ ನಿಲ್ಲಿಸುತ್ತದೆ.

ಪ್ರಶ್ನೆ (ಬಿ.ಎಸ್‌ಸಿ ವಿದ್ಯಾರ್ಥಿನಿ): ಮೇಡಂ, ಆ ಪದರ ಹೇಗೆ ಹುಟ್ಟುತ್ತೆ? ಹಾಲಿನ ಮೇಲೆ ಕೆನೆ ಕಟ್ಟಿದ ಹಾಗಾ?

ಉತ್ತರ: ದ್ರವದ ಒಂದಂಶವೇ ಗಟ್ಟಿಯಾಗಿ ಕೂರುತ್ತದೆ ಅನ್ನುವ ಮಟ್ಟಿಗೆ ಸರಿಮ್ಮ. ಆದರೆ ಯಾವುದನ್ನು ಒಳಗೆ ಬಿಡಬೇಕು ಅಂತ ಆಯ್ದುಕೊಳ್ಳುವ ಗುಣ ಕೆನೆಗಿಲ್ಲ. ಈ ಪದರ ಲಿಥಿಯಂ ಅಯಾನನ್ನು ಒಳಗೆ ಬಿಡುತ್ತದೆ, ಎಲೆಕ್ಟ್ರಾನನ್ನು ತಡೆಯುತ್ತದೆ. ಬ್ಯಾಟರಿ ಬದುಕಿರುವುದೇ ಅದರಿಂದ.

ಚಾರ್ಜ್ ಆಗುವಾಗ ಗ್ರಾಫೈಟ್ ಆನೋಡಿನ (ಸೆಲ್ಲಿನ ಋಣ ತುದಿಯ) ವೋಲ್ಟೇಜ್, ಲಿಥಿಯಂ ಲೋಹವನ್ನು ಸೊನ್ನೆ ಅಂತಿಟ್ಟರೆ, ಸುಮಾರು 0.1 ವೋಲ್ಟಿಗೆ ಇಳಿಯುತ್ತದೆ. ಎಲೆಕ್ಟ್ರೋಲೈಟಿನಲ್ಲಿರುವ ಕಾರ್ಬೊನೇಟ್ ದ್ರಾವಕಗಳು 0.8 ವೋಲ್ಟಿನ ಆಸುಪಾಸಿನಲ್ಲೇ ಒಡೆಯಲು ಶುರುವಾಗುತ್ತವೆ. ಗ್ರಾಫೈಟಿನಿಂದ ಎಲೆಕ್ಟ್ರಾನ್ ಪಡೆದು ಒಡೆದ ಚೂರುಗಳು ಲಿಥಿಯಂ ಜೊತೆ ಸೇರಿ ಅಲ್ಲೇ ಅಂಟಿಕೊಳ್ಳುತ್ತವೆ. ಲಿಥಿಯಂ ಕಾರ್ಬೊನೇಟ್, ಲಿಥಿಯಂ ಫ್ಲೋರೈಡ್, ಜೊತೆಗೆ ಒಂದಷ್ಟು ಸಾವಯವ ಲವಣಗಳು. ದಪ್ಪ ಕೆಲವು ಹತ್ತು ನ್ಯಾನೋಮೀಟರ್ ಅಷ್ಟೇ. ಅಷ್ಟಾದ ಮೇಲೆ ಎಲೆಕ್ಟ್ರಾನ್ ದ್ರವದವರೆಗೆ ತಲುಪುವುದು ಕಷ್ಟ, ಒಡೆಯುವುದೂ ಬಹುತೇಕ ನಿಲ್ಲುತ್ತದೆ. ಇದಕ್ಕೆ ಎಸ್‌ಇಐ (ಸಾಲಿಡ್ ಎಲೆಕ್ಟ್ರೋಲೈಟ್ ಇಂಟರ್‌ಫೇಸ್) ಅನ್ನುವ ಹೆಸರು ಕೊಟ್ಟವರು ಇಸ್ರೇಲಿನ ಇಮ್ಯಾನುಯೆಲ್ ಪೆಲೆಡ್, 1979ರಲ್ಲಿ.

ಇದು ಪುಕ್ಕಟೆ ಸಿಗುವುದಿಲ್ಲ. ಸೆಲ್ಲಿನಲ್ಲಿರುವ ಲಿಥಿಯಂನಲ್ಲಿ ಸುಮಾರು 5ರಿಂದ 10 ಪರ್ಸೆಂಟ್ ಮೊದಲ ಚಾರ್ಜಿನಲ್ಲೇ ಪದರಕ್ಕೆ ಹೋಗುತ್ತದೆ, ವಾಪಸ್ ಬರಲ್ಲ. ಪ್ಯಾಕಿನ ಮೇಲೆ ಬರೆದ ಸಾಮರ್ಥ್ಯ ಈ ನಷ್ಟ ಕಳೆದ ಮೇಲಿನದು, ಗಾಬರಿ ಬೇಡ.

ಅದೇ ಸದಸ್ಯೆ: ಹಾಗಾದರೆ ಯಾವ ದ್ರಾವಕ ಹಾಕಿದರೂ ಪದರ ಆಗುತ್ತಾ?

ಉತ್ತರ: ಅಲ್ಲೇ ಇರುವುದು ಮಜಾ. ಮೊದಮೊದಲು ಪ್ರೊಪಿಲೀನ್ ಕಾರ್ಬೊನೇಟ್ ಬಳಸುತ್ತಿದ್ದರು. ಅದು ಒಳ್ಳೆಯ ಪದರ ಕಟ್ಟದೆ, ಲಿಥಿಯಂ ಜೊತೆ ತಾನೂ ಗ್ರಾಫೈಟಿನ ಹಾಳೆಗಳ ನಡುವೆ ನುಗ್ಗಿ ಅವನ್ನು ಸುಲಿದುಹಾಕುತ್ತಿತ್ತು. ಅದಕ್ಕೇ 1991ರಲ್ಲಿ ಸೋನಿ ಮಾರುಕಟ್ಟೆಗೆ ತಂದ ಮೊದಲ ಲಿಥಿಯಂ-ಅಯಾನ್ ಬ್ಯಾಟರಿಯಲ್ಲಿ ಗ್ರಾಫೈಟ್ ಇರಲಿಲ್ಲ, ಬೇರೆ ಬಗೆಯ ಇಂಗಾಲ ಇತ್ತು. ಎಥಿಲೀನ್ ಕಾರ್ಬೊನೇಟ್ ಇದ್ದರೆ ಗ್ರಾಫೈಟ್ ಉಳಿಯುತ್ತದೆ ಅಂತ ಕೆನಡಾದಲ್ಲಿ ಜೆಫ್ ಡಾನ್ ಮತ್ತು ಸಂಗಡಿಗರು 1990ರಲ್ಲೇ ತೋರಿಸಿದ್ದರು. ಎರಡು ಅಣುಗಳಿಗೂ ವ್ಯತ್ಯಾಸ ಒಂದೇ ಒಂದು ಮೀಥೈಲ್ ಗುಂಪು! ಎಥಿಲೀನ್ ಕಾರ್ಬೊನೇಟ್ ಕರಗುವುದು ಸುಮಾರು 36 ಡಿಗ್ರಿಗೆ. ರಾಯಚೂರಿನ ಏಪ್ರಿಲ್ಲಿನಲ್ಲಿ ತಾನೇ ನೀರಾಗುತ್ತದೆ, ಬೆಂಗಳೂರಿನಲ್ಲಿ ಗಟ್ಟಿ. ಹಾಗಾಗಿ ತೆಳುವಾದ ಇನ್ನೊಂದು ಕಾರ್ಬೊನೇಟ್ ಬೆರೆಸುತ್ತಾರೆ. ಪದರ ಗಟ್ಟಿಯಾಗಲಿ ಅಂತ ವಿನೈಲೀನ್ ಕಾರ್ಬೊನೇಟನ್ನೂ ಒಂದೆರಡು ಪರ್ಸೆಂಟ್ ಹಾಕುವುದುಂಟು.

ಪ್ರಶ್ನೆ (ರಾಯಚೂರಿನ ಸದಸ್ಯರು): ನಮ್ಮೂರ ಹೆಸರು ಬಂತಲ್ಲ ಮೇಡಂ, ಕೇಳೇಬಿಡ್ತೀನಿ. ನನ್ನ ಗಾಡಿ ಜಾಸ್ತಿ ಓಡಿಸಿಲ್ಲ, ಆದರೂ ರೇಂಜ್ ಇಳಿದಿದೆ. ಯಾಕೆ?

ಉತ್ತರ: ಓಡಿಸದಿದ್ದರೂ ಪದರ ಬೆಳೆಯುತ್ತದೆ ಸರ್. ಬಹುತೇಕ ನಿಲ್ಲುತ್ತದೆ ಅಂದೆ, ಪೂರ್ತಿ ನಿಲ್ಲುವುದಿಲ್ಲ. ಬೆಳವಣಿಗೆ ಹೆಚ್ಚುಕಡಿಮೆ ಕಾಲದ ವರ್ಗಮೂಲದ ಲೆಕ್ಕದಲ್ಲಿ ನಡೆಯುತ್ತದೆ. ಅಂದರೆ ಮೊದಲ ವರ್ಷ ಬೆಳೆದಷ್ಟು ಮತ್ತೆ ಬೆಳೆಯಲು ಇನ್ನೂ ಮೂರು ವರ್ಷ ಬೇಕು. ಹೊಸದರಲ್ಲಿ ರೇಂಜ್ ಬೇಗ ಇಳಿದು ಆಮೇಲೆ ನಿಧಾನವಾಗುವುದು ಅದಕ್ಕೇ. ಇದನ್ನು ಜೋರು ಮಾಡುವುದು ಎರಡು: ಬಿಸಿ ಮತ್ತು ತುಂಬಿದ ಚಾರ್ಜ್. ಎರಡೂ ಸೇರಿದರೆ ಇನ್ನೂ ಕೆಟ್ಟದ್ದು. ರಾತ್ರಿ 100 ತುಂಬಿಸಿ, ಮರುದಿನ ಇಡೀ ಬಿಸಿಲಲ್ಲಿ ನಿಲ್ಲಿಸುವುದಕ್ಕಿಂತ, 80ಕ್ಕೆ ನಿಲ್ಲಿಸಿ ನೆರಳಲ್ಲಿ ಬಿಡಿ. ತಿಂಗಳುಗಟ್ಟಲೆ ಊರಲ್ಲಿರುವುದಿಲ್ಲ ಅಂದ್ರೆ ಅರ್ಧ ಚಾರ್ಜಲ್ಲಿ ಇಡಿ. ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಪ್ಯಾಕ್ ಆದರೆ ಆಗಾಗ ಪೂರ್ತಿ ತುಂಬಿಸಬೇಕು. ಅದು ಪದರಕ್ಕಲ್ಲ, ಪರ್ಸೆಂಟ್ ಲೆಕ್ಕ ತಪ್ಪದಿರಲಿ ಅಂತ.

ಪ್ರಶ್ನೆ (ಹಾಸನದ ಸದಸ್ಯರು): ಗಾಡಿಗೆ ಬೆಂಕಿ ಹತ್ತುವುದಕ್ಕೂ ಈ ಪದರಕ್ಕೂ ಸಂಬಂಧ ಇದೆಯಾ?

ಉತ್ತರ: ಇದೆ. ಸೆಲ್ ಸುಮಾರು 80ರಿಂದ 120 ಡಿಗ್ರಿ ತಲುಪಿದಾಗ ಮೊದಲು ಕುಸಿಯುವುದು ಈ ಪದರವೇ, ಕುಸಿಯುವಾಗ ತಾನೂ ಶಾಖ ಬಿಡುತ್ತದೆ. ಆಗ ಬರಿದಾದ ಗ್ರಾಫೈಟ್ ಮತ್ತೆ ಎಲೆಕ್ಟ್ರೋಲೈಟ್ ಜೊತೆ ವರ್ತಿಸಿ ಇನ್ನಷ್ಟು ಬಿಸಿ. ಹಾಗಂತ ಬಿಸಿಲಲ್ಲಿ ನಿಲ್ಲಿಸಿದ ಮಾತ್ರಕ್ಕೆ ಪ್ಯಾಕ್ ಅಷ್ಟು ಕಾಯುವುದಿಲ್ಲ. ಒಳಗೆ ಶಾರ್ಟ್ ಆಗುವುದು, ಓವರ್‌ಚಾರ್ಜ್, ಪೆಟ್ಟು, ನೀರು ಹೋಗುವುದು, ಇವೇ ಸಾಮಾನ್ಯವಾಗಿ ಶುರು ಮಾಡುವುದು. ಗಾಡಿ ಬಿದ್ದು ಪ್ಯಾಕ್ ಉಬ್ಬಿದ್ದರೆ ಚಾರ್ಜಿಗೆ ಹಾಕಬೇಡಿ, ಮನೆಯೊಳಗೂ ತರಬೇಡಿ. ಹೊರಗೇ ಬಿಟ್ಟು ಸರ್ವಿಸ್‌ನವರನ್ನು ಕರೆಸಿ.