ಊರಿನ ಹುಡುಗಿಯರ ಗುಂಪು ಕಟ್ಟಬೇಕು, ಎಲ್ಲಿಂದ ಶುರು ಮಾಡಲಿ? ಅನುಭವ ಇರುವವರು ಹೇಳಿ

ಕೇಳಿದವರು: ಕುಷ್ಟಗಿ ತಾಲ್ಲೂಕು, ಕೊಪ್ಪಳ

ನನಗೆ 23 ವರ್ಷ. ಬಿ.ಎ. ಮುಗಿಸಿ ಊರಲ್ಲೇ ಇದ್ದೇನೆ. ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಕೂತು ಪರೀಕ್ಷೆಗಳಿಗೆ ಓದುತ್ತೇನೆ. ನಮ್ಮೂರಲ್ಲಿ 14ರಿಂದ 20 ವರ್ಷದ ಹುಡುಗಿಯರು ಸುಮಾರು ಜನ ಇದ್ದಾರೆ. ಎಸ್ಸೆಸ್ಸೆಲ್ಸಿ ಆದ ಮೇಲೆ ಹೆಚ್ಚಿನವರು ಹೊಲದ ಕೆಲಸಕ್ಕೆ ಹೋಗುತ್ತಾರೆ. ಸುಸ್ತು, ತಲೆ ಸುತ್ತು, ಕೆಲವರಿಗೆ ತಿಂಗಳಿಗೆ ಎರಡು ಸಲ ಮುಟ್ಟು. ಆಸ್ಪತ್ರೆಗೆ ಯಾರೂ ಹೋಗಲ್ಲ. ಶಾಲೆಯ ಶೌಚಾಲಯಕ್ಕೆ ಯಾವಾಗಲೂ ಬೀಗ. ಹೊರಗಿನವರು ಆಗಾಗ ಬಂದು ಪ್ಯಾಡ್ ಹಂಚಿ, ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ನನಗೆ ಹಾಗೆ ಬೇಡ. ಹುಡುಗಿಯರೇ ಮುಂದೆ ನಿಂತು ಕೇಳಬೇಕು. ಮನೆಯವರನ್ನು ಒಪ್ಪಿಸುವುದು ಹೇಗೆ? ಮೊದಲು ಯಾವುದನ್ನು ಹಿಡಿಯಲಿ?

ಬೀದರ್, ಹಿಂದೆ ಮಹಿಳಾ ಸಮಾಖ್ಯದಲ್ಲಿದ್ದವರು

ತಂಗಿ, ನಾನು ಮಹಿಳಾ ಸಮಾಖ್ಯದಲ್ಲಿ ಬೆಳೆದವಳು. ಹಳ್ಳಿ ಹೆಂಗಸರ ಸಂಘ ಕಟ್ಟುವ ಸರ್ಕಾರದ ಕಾರ್ಯಕ್ರಮ ಅದು. ಕರ್ನಾಟಕದಲ್ಲಿ 1989ರಲ್ಲಿ ನಮ್ಮ ಬೀದರ್, ಆಗಿನ ಬಿಜಾಪುರ, ಮೈಸೂರು ಜಿಲ್ಲೆಗಳಲ್ಲಿ ಶುರುವಾಯಿತು. ಆಮೇಲೆ ನಿಮ್ಮ ಕೊಪ್ಪಳಕ್ಕೂ ಬಂತು. 2016ರಲ್ಲಿ ಕೇಂದ್ರ ಸರ್ಕಾರ ಕೈಬಿಟ್ಟಿತು. ಆದರೆ ಸಂಘದಲ್ಲಿ ಮಾತು ಕಲಿತ ಹೆಂಗಸರು ಊರಲ್ಲೇ ಇದ್ದಾರೆ. ಈಗ ಅಜ್ಜಿಯರಾಗಿರುತ್ತಾರೆ. ನಿಮ್ಮೂರಲ್ಲೋ ಪಕ್ಕದೂರಲ್ಲೋ ಅಂಥವರು ಇದ್ದಾರಾ ಅಂತ ಕೇಳಿ ನೋಡು. ತಹಸೀಲ್ದಾರರ ಮುಂದೆ ಕೂತು ಮಾತಾಡಿ ಬಂದವರು ಅವರು. ಒಬ್ಬಳು ಸಿಕ್ಕರೂ ನಿನಗೆ ಆಸರೆ.

ನಾವು ಹಳ್ಳಿಗೆ ಹೋದ ಹೊಸದರಲ್ಲಿ ಎಲ್ಲರೂ ಒಂದೇ ಕೇಳೋರು, "ಏನ್ ಕೊಡ್ತೀರಿ? ಎಮ್ಮೆ ಕೊಡ್ತೀರಾ, ಸಾಲ ಕೊಡ್ತೀರಾ?" ಏನೂ ಕೊಡಲ್ಲ ಅಂದರೆ ನಕ್ಕು ಎದ್ದು ಹೋಗೋರು. ಆದರೂ ರಾತ್ರಿ ಊಟ ಆದ ಮೇಲೆ ಹೋಗಿ ಕೂರುತ್ತಿದ್ದೆವು. ಉಳಿದವರು ಮಾತಿಗಾಗಿಯೇ ಉಳಿದರು. ಪ್ಯಾಡ್ ಹಂಚಿ ಶುರು ಮಾಡಿದರೆ, ಪ್ಯಾಡ್ ನಿಂತ ದಿನ ಗುಂಪೂ ನಿಲ್ಲುತ್ತೆ.

ಮೊದಲ ದಿನವೇ ಅಧ್ಯಕ್ಷೆ, ಕಾರ್ಯದರ್ಶಿ ಅಂತ ಮಾಡಬೇಡ. ಮಾಡಿದರೆ ಗೌಡರ ಮನೆ ಹುಡುಗಿಯೋ ಮಾಸ್ತರರ ಮಗಳೋ ಆಗುತ್ತಾಳೆ, ಉಳಿದವರು ಬಾಯಿ ಮುಚ್ಚುತ್ತಾರೆ. ಸಭೆ ನಡೆಸೋದು, ಪುಸ್ತಕ ಬರೆಯೋದು ಸರದಿ ಮೇಲೆ ಬರಲಿ. ಬರೆಯಲು ಬಾರದವಳು ಹೇಳಲಿ, ಇನ್ನೊಬ್ಬಳು ಬರೆಯಲಿ.

ಮುಟ್ಟಿನ ಬಗ್ಗೆ ಭಾಷಣ ಬೇಡ. ನಾವು ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಒಂದು ಹೆಣ್ಣಿನ ಆಕಾರ ಬರೆದು, ನೋವು ಇರುವ ಕಡೆ ಒಂದೊಂದು ಕಾಳು ಇಡಿ ಅನ್ನುತ್ತಿದ್ದೆವು. ಸೊಂಟ, ಹೊಟ್ಟೆ, ತಲೆ ಎಲ್ಲ ಕಡೆ ಕಾಳು ಬೀಳುತ್ತಿತ್ತು. ಒಬ್ಬಳು ಬಿಳಿ ಹೋಗುವುದರ ಬಗ್ಗೆ ಬಾಯಿ ಬಿಟ್ಟರೆ ಸಾಕು, ಆಮೇಲೆ ಎಲ್ಲರೂ ಮಾತಾಡೋರೇ. ನಿನ್ನ ಕೆಲಸದ ಪಟ್ಟಿ ಆ ಕಾಳುಗಳಲ್ಲೇ ಸಿಗುತ್ತೆ.

ಇನ್ನು ಮನೆಯವರು. "ಹಕ್ಕು" ಅಂದರೆ ಹುಡುಗಿಯರ ತಲೆ ಕೆಡಿಸ್ತಾಳೆ ಅಂತಾರೆ. "ರಕ್ತ ಕಡಿಮೆ ಇದೆ, ನಾಳೆ ಹೆರಿಗೆಗೆ ತೊಂದರೆ ಆಗುತ್ತೆ" ಅಂದರೆ ತಾಯಂದಿರೇ ಕಳಿಸುತ್ತಾರೆ. ಮೊದಲು ಅಲ್ಲಿಂದ ಒಳಗೆ ಹೋಗು.

ಯಾದಗಿರಿ, ಸಮುದಾಯ ಆರೋಗ್ಯ ಅಧಿಕಾರಿ

ರಕ್ತಹೀನತೆಯಿಂದ ಶುರು ಮಾಡಿ ಅಂತ ನಾನೂ ಹೇಳುತ್ತೇನೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದ 15ರಿಂದ 19 ವರ್ಷದ ಹುಡುಗಿಯರಲ್ಲಿ ಹತ್ತಿರ ಹತ್ತಿರ ಅರ್ಧ ಜನಕ್ಕೆ ರಕ್ತಹೀನತೆ ಇದೆ. ಎಚ್‌ಬಿ (ರಕ್ತದ ಹಿಮೋಗ್ಲೋಬಿನ್) 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ ಅಂತ ಲೆಕ್ಕ. ನಿಮ್ಮ ಉಪಕೇಂದ್ರದಲ್ಲೇ ಎಚ್‌ಬಿ ನೋಡುತ್ತಾರೆ, ದುಡ್ಡಿಲ್ಲ.

10ರಿಂದ 19 ವರ್ಷದವರಿಗೆ ವಾರಕ್ಕೊಂದು ನೀಲಿ ಮಾತ್ರೆ ಬರುತ್ತೆ. ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣ, ಜೊತೆಗೆ ಫೋಲಿಕ್ ಆಮ್ಲ. ಶಾಲೆಗೆ ಹೋಗುವವರಿಗೆ ಶಾಲೆಯಲ್ಲಿ, ಶಾಲೆ ಬಿಟ್ಟ ಹುಡುಗಿಯರಿಗೆ ಅಂಗನವಾಡಿಯಲ್ಲಿ ಕೊಡಬೇಕು. ಈ ಶಾಲೆ ಬಿಟ್ಟವರೇ ಜಾಸ್ತಿ ತಪ್ಪಿಹೋಗುವುದು. ನಿಮ್ಮ ಗುಂಪಿನ ಮೊದಲ ಕೆಲಸ ಇದೇ ಆಗಬಹುದು: ಯಾರ ಹೆಸರು ಅಂಗನವಾಡಿ ಪುಸ್ತಕದಲ್ಲಿದೆ, ಯಾರದ್ದಿಲ್ಲ ನೋಡಿ. ಇಲ್ಲದವರು ತಾವೇ ಹೋಗಿ ಬರೆಸಲಿ.

ಮಾತ್ರೆ ಕೊಟ್ಟರೂ ನುಂಗಲ್ಲ, ಅದು ಇನ್ನೊಂದು ಕಥೆ. "ಇದು ತಿಂದರೆ ಮಕ್ಕಳಾಗಲ್ಲ" ಅಂತ ಎಲ್ಲ ಊರಲ್ಲೂ ಯಾರೋ ಒಬ್ಬರು ಹೇಳಿರುತ್ತಾರೆ. ಅದು ಸುಳ್ಳು. ಹೊಟ್ಟೆ ತೊಳಸುವುದು, ಮಲ ಕಪ್ಪಾಗುವುದು ನಿಜ, ಅದನ್ನು ಮೊದಲೇ ಹೇಳಿಬಿಡಿ. ಖಾಲಿ ಹೊಟ್ಟೆಯಲ್ಲಿ ಬೇಡ, ಊಟ ಆದ ಮೇಲೆ ತಗೊಳ್ಳಲಿ. ಮಾತ್ರೆ ನುಂಗಿ ಮೇಲೆ ಚಹಾ ಕುಡಿದರೆ ಕಬ್ಬಿಣ ಮೈಗೆ ಹತ್ತಲ್ಲ. ನಿಂಬೆಹಣ್ಣು ಹಿಂಡಿದ ನೀರು ಒಳ್ಳೆಯದು. ಜಂತುಹುಳು ಮಾತ್ರೆಯನ್ನು ವರ್ಷಕ್ಕೆ ಎರಡು ಸಲ ಕೊಡುತ್ತಾರೆ, ಅದನ್ನೂ ಬಿಡಬೇಡಿ. ಎಚ್‌ಬಿ ಕಡಿಮೆ ಬಂದವರಿಗೆ ವಾರಕ್ಕೊಂದು ಮಾತ್ರೆ ಸಾಲದು. ಅವರಿಗೆ ವೈದ್ಯರು ಬೇರೆ ಲೆಕ್ಕದಲ್ಲಿ ಬರೆದುಕೊಡುತ್ತಾರೆ. ತಿಂಗಳಿಗೆ ಎರಡು ಸಲ ಮುಟ್ಟಾಗುವವರನ್ನು "ರಕ್ತ ಕಡಿಮೆ" ಅಂತ ಹೇಳಿ ಸುಮ್ನೆ ಬಿಡಬೇಡಿ. ಥೈರಾಯ್ಡ್ ಇರಬಹುದು, ಬೇರೆ ಏನಾದರೂ ಇರಬಹುದು, ತೋರಿಸಲೇಬೇಕು. ತಾಲ್ಲೂಕು ಆಸ್ಪತ್ರೆಯಲ್ಲಿ ಹದಿಹರೆಯದವರಿಗೆ ಸ್ನೇಹ ಕ್ಲಿನಿಕ್ ಅಂತ ಇರುತ್ತೆ. ಯಾವ ದಿನ, ಯಾರು ಕೂರುತ್ತಾರೆ ಅಂತ ಮೊದಲೇ ವಿಚಾರಿಸಿ ಹೋಗಿ.

ಒಂದು ಎಚ್ಚರ. ಎಚ್‌ಬಿ ಎಷ್ಟು ಬಂತು ಅಂತ ಎಲ್ಲರ ಮುಂದೆ ಓದಬೇಡಿ. ಮದುವೆ ಮಾತು ನಡೆಯುತ್ತಿರುವ ಹುಡುಗಿಗೆ "ರೋಗ ಇದೆ" ಅಂತ ಹೆಸರು ಬಿದ್ದರೆ ಮುಂದೆ ಯಾರೂ ಪರೀಕ್ಷೆಗೆ ಬರಲ್ಲ.

ಕಲಬುರಗಿ, ಸಂಘಟನೆಯಲ್ಲಿರುವವರು

ಬೀದರಿನ ಅಕ್ಕನ ಮಾತಿಗೆ ಗೌರವ ಇದೆ. ಆದರೆ "ಹೆರಿಗೆಗೆ ತೊಂದರೆ ಆಗುತ್ತೆ" ಅಂತ ಬಾಗಿಲು ತೆಗೆಸುವುದು ನನಗೆ ಒಪ್ಪಿಗೆ ಇಲ್ಲ. ಆ ಬಾಗಿಲಿಂದ ಒಳಗೆ ಹೋದರೆ ಹೊರಗೆ ಬರುವುದು ಕಷ್ಟ. ಹುಡುಗಿಯ ಮೈ ಮಕ್ಕಳು ಹೆರುವುದಕ್ಕಾಗಿಯೇ ಚೆನ್ನಾಗಿರಬೇಕು ಅಂತ ನಾವೇ ಹೇಳಿಕೊಟ್ಟ ಹಾಗಾಗುತ್ತೆ. ನಮ್ಮ ಕಡೆಯ ತಾಂಡಾಗಳಲ್ಲಿ ಏನಾಯಿತು? ಹೊಟ್ಟೆನೋವು, ಬಿಳಿ ಹೋಗುವುದು ಅಂತ ಹೋದ ಹೆಂಗಸರಿಗೆ ಖಾಸಗಿ ಆಸ್ಪತ್ರೆಗಳಲ್ಲಿ ಗರ್ಭಕೋಶವನ್ನೇ ತೆಗೆದರು. ಅದರಲ್ಲಿ ಇನ್ನೂ ಚಿಕ್ಕ ವಯಸ್ಸಿನವರೂ ಇದ್ದರು. "ಮಕ್ಕಳಾಗಿವೆಯಲ್ಲ, ಇನ್ನೇಕೆ ಅದು" ಅನ್ನುವ ಮಾತು. ಲಂಬಾಣಿ, ದಲಿತ ಹೆಂಗಸರು ಬೀದಿಗೆ ಬಂದು ಕೇಳಿದ ಮೇಲೆಯೇ ಅದು ಸುದ್ದಿಯಾಗಿದ್ದು. 2023ರಲ್ಲಿ ಸುಪ್ರೀಂ ಕೋರ್ಟು ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಜಾರಿ ಮಾಡಬೇಕು ಅಂತ ಹೇಳಿತು. ಹುಡುಗಿಯರಿಗೆ ಇದನ್ನು ಹೇಳಿ. ಅವರ ಅಮ್ಮಂದಿರಲ್ಲಿ, ಅಕ್ಕಂದಿರಲ್ಲಿ ಎಷ್ಟು ಜನಕ್ಕೆ ಆಗಿದೆ ಅಂತ ಅವರೇ ಲೆಕ್ಕ ಕೊಡುತ್ತಾರೆ.

ತಾಯಂದಿರಿಗೆ ಬೇರೆ ಹೇಳಿ ಅಂದರೆ, ಇಷ್ಟೇ ಸಾಕು: "ನಿಮ್ಮ ಮಗಳು ಹತ್ತಿ ಬಿಡಿಸುವಾಗ ತಲೆ ತಿರುಗಿ ಬೀಳ್ತಾಳೆ, ಅವಳಿಗೆ ಕಷ್ಟ ಆಗ್ತಿದೆ." ತಾಯಿಗೆ ಮಗಳ ಕಷ್ಟ ಅರ್ಥವಾಗಲ್ಲ ಅಂತ ನಾವ್ಯಾಕೆ ಅಂದುಕೊಳ್ಳಬೇಕು?

ಇನ್ನೊಂದು, ಯಾರೂ ಹೇಳಲಿಲ್ಲ. ಎಲ್ಲಿ ಕೂರುತ್ತೀರಿ? ಗುಡಿಯ ಕಟ್ಟೆ ಅಂದರೆ ಮುಟ್ಟಾದವರು ಬರಲ್ಲ, ಕೇರಿಯವರೂ ಬರಲ್ಲ. ಗೌಡರ ಪಡಸಾಲೆ ಅಂದರೆ ಕೇರಿಯ ಹುಡುಗಿ ಹೊಸ್ತಿಲ ಹೊರಗೆ. ಮೊದಲ ಸಭೆ ಕೇರಿಯಲ್ಲೇ ಇಡಿ. ಮೇಲಿನ ಓಣಿಯ ಹುಡುಗಿಯರು ಅಲ್ಲಿಗೆ ಬಂದು, ಅಲ್ಲೇ ನೀರು ಕುಡಿಯಲಿ. ಬರದವರು ಬರದೇ ಇರಲಿ. ಚಿಕ್ಕ ಗುಂಪಾದರೂ ಪರವಾಗಿಲ್ಲ.

ನಿಮ್ಮ ಜಿಲ್ಲೆಯದ್ದೇ ಉದಾಹರಣೆ ಇದೆಯಲ್ಲ. 2021ರ ಡಿಸೆಂಬರ್‌ನಲ್ಲಿ ಶಾಲೆಗಳಲ್ಲಿ ಮೊಟ್ಟೆ ಕೊಡಲು ಶುರು ಮಾಡಿದಾಗ ಕೆಲವು ಮಠದವರು ಬೇಡ ಅಂದರು. ಆಗ ಗಂಗಾವತಿಯ ಒಬ್ಬ ಶಾಲಾ ಹುಡುಗಿ, ಮೊಟ್ಟೆ ನಿಲ್ಲಿಸಿದರೆ ನಿಮ್ಮ ಮಠಕ್ಕೇ ಬಂದು ತಿನ್ನುತ್ತೇವೆ ಅಂದಳು. ವಿಡಿಯೊ ರಾಜ್ಯವೆಲ್ಲ ಓಡಾಡಿತು. ಅವಳು ಒಬ್ಬಳೇ ಹಾರಿ ಬಂದವಳಲ್ಲ, ವಿದ್ಯಾರ್ಥಿ ಸಂಘಟನೆಯ ಪ್ರತಿಭಟನೆಯಲ್ಲಿ ಮಾತಾಡಿದವಳು. ಬೆನ್ನ ಹಿಂದೆ ಜನ ಇದ್ದರೆ ಹುಡುಗಿಯರು ತಾವೇ ಮಾತಾಡುತ್ತಾರೆ, ನಾವು ಬರೆದು ಕೊಡಬೇಕಾಗಿಲ್ಲ.

ಬೀದರ್

ಮಾತು ಒಪ್ಪಿದೆ ತಾಯಿ. ಆದರೂ ಹೇಳುತ್ತೇನೆ, ಬಾಗಿಲು ತೆಗೆಯದಿದ್ದರೆ ಹುಡುಗಿಯೇ ಸಿಗಲ್ಲ. ಅತ್ತೆಯ ಮನೆಯಲ್ಲಿರುವ 19ರ ಸೊಸೆಯನ್ನು ಕರೆಯಬೇಕಾದಾಗ ಗೊತ್ತಾಗುತ್ತೆ.

ಶಿರಾ, ಗ್ರಾಮ ಪಂಚಾಯಿತಿ ಸದಸ್ಯೆ

ನಾನು ಬೀಗದ ವಿಷಯಕ್ಕೆ ಬರುತ್ತೇನೆ. ಶೌಚಾಲಯಕ್ಕೆ ಬೀಗ ಹಾಕಿದ್ದಾರೆ ಅಂದರೆ ಅದರ ಹಿಂದೆ ಸಾಮಾನ್ಯವಾಗಿ ಎರಡೇ ಕಾರಣ. ನೀರಿಲ್ಲ, ಇಲ್ಲವೇ ತೊಳೆಯುವವರಿಲ್ಲ. ಹೆಡ್ ಮಾಸ್ತರರನ್ನು ಬೈಯುವ ಮೊದಲು ಯಾವುದು ಅಂತ ಹುಡುಗಿಯರು ನೋಡಿಕೊಂಡು ಬರಲಿ. ನೀರಿಲ್ಲದಿದ್ದರೆ ಅದು ಪಂಚಾಯಿತಿ ಕೆಲಸ, ನಮ್ಮ ಕುತ್ತಿಗೆಗೆ ಬರಲಿ. ತೊಳೆಯುವವರಿಲ್ಲದಿದ್ದರೆ ಶಾಲಾಭಿವೃದ್ಧಿ ಸಮಿತಿ ಅಂದರೆ ಎಸ್‌ಡಿಎಂಸಿಯಲ್ಲಿ ಕೇಳಬೇಕು. ಶುಚಿ ಯೋಜನೆಯ ಪ್ಯಾಡು ಶಾಲೆಗೆ ಬರುತ್ತಿದೆಯಾ, ಎಷ್ಟು ತಿಂಗಳದ್ದು ಬಂದಿದೆ ಅಂತಲೂ ಅಲ್ಲೇ ಕೇಳಿ. ಕೊರೊನಾ ಸಮಯದಲ್ಲಿ ನಿಂತಿದ್ದು 2024ರಲ್ಲಿ ಮತ್ತೆ ಶುರುವಾಯಿತು.

18 ತುಂಬದವರಿಗೆ ಮಕ್ಕಳ ಗ್ರಾಮಸಭೆ ಇದೆ. 18 ಆದವರು ವಾರ್ಡ್ ಸಭೆ, ಗ್ರಾಮಸಭೆಗೆ ಹಕ್ಕಿನಿಂದ ಬರಬಹುದು, ಮತದಾರರ ಪಟ್ಟಿಯಲ್ಲಿ ಹೆಸರಿರಲಿ. ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತೆ. ಬರೆದು ಕೊಡಿ, ಇನ್ನೊಂದು ಪ್ರತಿಯ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಿ. ಸಭೆಯ ನಡಾವಳಿಯಲ್ಲಿ ನಿಮ್ಮ ವಿಷಯ ಬರೆದಿದ್ದಾರಾ ಅಂತ ಅಲ್ಲೇ ಓದಿಸಿ. ಎಷ್ಟೋ ಸಲ ಚರ್ಚೆ ಆಗಿರುತ್ತೆ, ಪುಸ್ತಕದಲ್ಲಿ ಇರಲ್ಲ. ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಕೇಳಿ, 30 ದಿನದಲ್ಲಿ ಕೊಡಬೇಕು. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಅಪ್ಲಿಕೇಶನ್ನು 16ರ ಹುಡುಗಿಯೂ ಬರೆಯಬಲ್ಲಳು, ನೀವು ಬರೆಯಬೇಡಿ.

ನಮ್ಮ ಕಡೆ ಗೊಲ್ಲರಹಟ್ಟಿಗಳಿವೆ. ಮುಟ್ಟಾದವರನ್ನು, ಬಾಣಂತಿಯರನ್ನು ಊರ ಹೊರಗೆ ಇಡುವ ಪದ್ಧತಿ. ಅವರಿಗೆಂದೇ ಸರ್ಕಾರದ ದುಡ್ಡಲ್ಲಿ ಕೃಷ್ಣ ಕುಟೀರ ಅಂತ ಕಟ್ಟಡಗಳನ್ನೂ ಕಟ್ಟಿದರು. ಹೊರಗಿಡುವುದಕ್ಕೆ ಗಟ್ಟಿ ಗೋಡೆ ಕೊಟ್ಟ ಹಾಗಾಯಿತು ಅಂತ ನನಗೆ ಈಗಲೂ ಸಿಟ್ಟು. 2023ರಲ್ಲಿ ತುಮಕೂರಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಗುಡಿಸಲಲ್ಲಿಟ್ಟಿದ್ದ ಬಾಣಂತಿಯ ಕೂಸು ತೀರಿಕೊಂಡಿತು. ಹೀಗೆ ಹೊರಗಿಡುವುದು 2017ರ ಕರ್ನಾಟಕದ ಮೌಢ್ಯ ನಿಷೇಧ ಕಾನೂನಿನಲ್ಲಿ ಅಪರಾಧ. ಆದರೆ ಕಾನೂನು ಹಿಡಿದು ಪೊಲೀಸರ ಜೊತೆ ಹೋದರೆ ಆ ದಿನ ಒಳಗೆ ಬಿಡುತ್ತಾರೆ, ಮುಂದಿನ ತಿಂಗಳು ಮತ್ತೆ ಹೊರಗೆ. ಓದಿದ ಹುಡುಗಿಯೊಬ್ಬಳು "ನಾನು ಹೋಗಲ್ಲ" ಅಂತ ಮನೆಯಲ್ಲೇ ಕೂತಾಗ, ಅವಳ ಪಕ್ಕ ಅವಳ ಅಜ್ಜಿಯೂ ಕೂತರೆ ಹಟ್ಟಿಯವರು ಏನು ಮಾಡಬೇಕು ಅಂತ ತೋಚದೆ ಸುಮ್ಮನಾಗುತ್ತಾರೆ. ನಾನು ಕಂಡಿದ್ದು ಹೇಳುತ್ತಿದ್ದೇನೆ. ಅಜ್ಜಿಯರನ್ನು ಬಿಡಬೇಡಿ.

ಧಾರವಾಡ, ವಕೀಲೆ

ಚಿಕ್ಕದಾಗಿ ಹೇಳುತ್ತೇನೆ, ಗುಂಪು ನಿಂತ ಮೇಲೆ ಇವು ಬಂದೇ ಬರುತ್ತವೆ.

ಬಾಲ್ಯವಿವಾಹ. 2016ರ ರಾಜ್ಯ ತಿದ್ದುಪಡಿಯಾದ ಮೇಲೆ ಕರ್ನಾಟಕದಲ್ಲಿ ಅಂಥ ಮದುವೆ ಮೊದಲಿನಿಂದಲೇ ಅಸಿಂಧು. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಕೂಡ ಬಾಲ್ಯವಿವಾಹ ನಿಷೇಧ ಅಧಿಕಾರಿ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿದವರ ಹೆಸರು ಹೊರಗೆ ಬರಬಾರದು, ಆದರೆ ಹಳ್ಳಿಯಲ್ಲಿ ಯಾರು ಮಾಡಿದರು ಅಂತ ಊಹಿಸುವುದು ಕಷ್ಟ ಅಲ್ಲ. ಗುಂಪಿನ ಹುಡುಗಿಯ ಕೈಯಲ್ಲಿ ಮಾಡಿಸಬೇಡಿ. ಈ ಭಾರ ದೊಡ್ಡವರದು.

ಗರ್ಭಪಾತ. 18 ತುಂಬಿದವಳಿಗೆ ಅವಳ ಒಪ್ಪಿಗೆ ಒಂದೇ ಸಾಕು. ಗಂಡನದ್ದಾಗಲಿ ಅಪ್ಪನದ್ದಾಗಲಿ ಸಹಿ ಕಾನೂನಿಗೆ ಬೇಡ. ಮದುವೆ ಆಗಿರಬೇಕು ಅಂತಲೂ ಇಲ್ಲ, 2022ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಅದನ್ನು ಬಿಡಿಸಿ ಹೇಳಿದೆ. ಆಸ್ಪತ್ರೆಗಳಲ್ಲಿ ಈಗಲೂ ಗಂಡನ ಸಹಿ ಕೇಳುತ್ತಾರೆ, ಗೊತ್ತಿದ್ದರೆ ವಾದಿಸಬಹುದು. 18 ತುಂಬದವಳಾದರೆ ಪೋಷಕರ ಲಿಖಿತ ಒಪ್ಪಿಗೆ ಬೇಕು, ವೈದ್ಯರು ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಕಾನೂನು) ಅಡಿ ವರದಿ ಮಾಡಬೇಕಾಗುತ್ತೆ. ಆದರೆ ಹುಡುಗಿ ಮತ್ತು ಪೋಷಕರು ಕೇಳಿಕೊಂಡರೆ ವರದಿಯಲ್ಲಿ ಅವಳ ಗುರುತು ಹೇಳಬೇಕಾಗಿಲ್ಲ ಅಂತ ಅದೇ ತೀರ್ಪಿನಲ್ಲಿದೆ. ಇಂಥದ್ದು ಬಂದರೆ ಗುಂಪಿನ ಪುಸ್ತಕದಲ್ಲಿ ಬರೆಯಬೇಡಿ, ಯಾವ ಹೆಸರೂ ಬೇಡ.

ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಕೇರಿಯ ಸಮುದಾಯ ಭವನದಲ್ಲಿ ಕೂರೋಣ ಅಂತ ಮಾಡಿದ್ದೇವೆ. ಅಂಗನವಾಡಿ ಪಟ್ಟಿ ನೋಡುವ ಕೆಲಸ ಇಬ್ಬರು ಹುಡುಗಿಯರು ತಾವಾಗಿಯೇ ತಗೊಂಡರು. ಒಂದು ಸಣ್ಣ ಪ್ರಶ್ನೆ. ಗುಂಪಿಗೆ ವಾಟ್ಸಾಪ್ ಮಾಡಲಾ? ಸ್ನೇಹ ಕ್ಲಿನಿಕ್‌ಗೆ ಕುಷ್ಟಗಿಗೆ ಕರೆದುಕೊಂಡು ಹೋಗಬೇಕು, ಬಸ್ ಚಾರ್ಜಿಗೆ ಮನೆಯಲ್ಲಿ ಕೇಳಿದರೆ ಎಲ್ಲಿಗೆ ಅಂತಾರೆ.

ಬಳ್ಳಾರಿ, ಪದವಿ ಓದುತ್ತಿರುವವರು

ವಾಟ್ಸಾಪ್ ಬೇಡ ಅಕ್ಕ. ಅರ್ಧ ಜನದ ಹತ್ತಿರ ಇರೋದು ಅಣ್ಣನ ಫೋನು. "ನನಗೆ ಬಿಳಿ ಹೋಗ್ತಿದೆ" ಅಂತ ಯಾರೋ ಹಾಕಿದರೆ ಅಣ್ಣ ಓದುತ್ತಾನೆ. ಸಭೆ ಯಾವಾಗ ಅಂತ ಬಾಯಲ್ಲೇ ಹೇಳಿ, ನಮ್ಮಲ್ಲಿ ಹಾಗೇ ನಡೆಯುತ್ತಿದೆ. ಬಸ್ಸಿಗೆ ದುಡ್ಡೇ ಬೇಡವಲ್ಲ, 2023ರ ಜೂನಿನಿಂದ ಶಕ್ತಿ ಯೋಜನೆ ಇದೆ. ಸಮಸ್ಯೆ ಅಂದರೆ ಆಧಾರ್ ಕಾರ್ಡು ಅಪ್ಪನ ಪೆಟ್ಟಿಗೆಯಲ್ಲಿರುತ್ತೆ. ಕಂಡಕ್ಟರ್‌ಗೆ ಜೆರಾಕ್ಸ್ ತೋರಿಸಿದರೆ ಆಗಲ್ಲ ಅಂತಾರೆ. ಮೊದಲು ಎಲ್ಲರೂ ತಮ್ಮ ತಮ್ಮ ಕಾರ್ಡು ಇಸ್ಕೊಂಡು ತಮ್ಮ ಹತ್ತಿರ ಇಟ್ಟುಕೊಳ್ಳಲಿ. ಕಾಲೇಜು, ಸ್ಕಾಲರ್‌ಶಿಪ್ ಅಂತ ಹೇಳಿದರೆ ಕೊಡುತ್ತಾರೆ.