ಕೈಗಾದಲ್ಲಿ ಸೋರಿದ ಭಾರಜಲವನ್ನು ಮತ್ತೆ ಯಾಕೆ ಹಿಡಿದಿಡುತ್ತಾರೆ?

ಯಲ್ಲಾಪುರದ ಹುಡುಗಿ:
ನಾನು ಪಿಯುಸಿ ಓದುತ್ತಿದ್ದೇನೆ. ನಮ್ಮ ಮಾವ ಕೈಗಾದಲ್ಲಿ ಕೆಲಸಕ್ಕಿದ್ದಾರೆ. ಅಲ್ಲಿ ಭಾರಜಲ ಸೋರಿದರೆ ಒರೆಸಿ ಬಿಸಾಡುವುದಿಲ್ಲವಂತೆ. ಆವಿಯಾಗಿ ಗಾಳಿಗೆ ಸೇರಿದ್ದನ್ನೂ ಹಿಡಿದು ವಾಪಸ್ ತರುತ್ತಾರಂತೆ. ಅದೂ ನೀರೇ ಅಲ್ವಾ? ಪಕ್ಕದಲ್ಲೇ ಕದ್ರಾ ಅಣೆಕಟ್ಟಿನ ತುಂಬ ನೀರಿದೆ. ಪುಸ್ತಕದಲ್ಲಿ ಹೈಡ್ರೋಜನ್ನಿನ ರೂಪಗಳು ಪ್ರೋಟಿಯಂ, ಡ್ಯೂಟೀರಿಯಂ, ಟ್ರಿಟಿಯಂ ಅಂತ ಮೂರು ಹೆಸರು ಕೊಟ್ಟು ಮುಗಿಸಿದ್ದಾರೆ. ಇದಕ್ಕೆ ಇಷ್ಟೊಂದು ಬೆಲೆ ಯಾಕೆ?

ಮಣುಗೂರು ರಿಟೈರ್ಡ್:
ಒಳ್ಳೆ ಪ್ರಶ್ನೆ ಕೇಳಿದೆ ಮಗಳೇ. ನಾನು ಗೋದಾವರಿ ದಂಡೆಯ ಮಣುಗೂರಿನ ಭಾರಜಲ ಸ್ಥಾವರದಲ್ಲಿ ಶಿಫ್ಟ್ ಕೆಲಸ ಮಾಡಿದವನು. ಭಾರಜಲ ಅಂದರೆ ಮಾಮೂಲಿ ಹೈಡ್ರೋಜನ್ ಜಾಗದಲ್ಲಿ ಅದರ ಭಾರದ ರೂಪವಾದ ಡ್ಯೂಟೀರಿಯಂ ಇರುವ ನೀರು. ಅದನ್ನು ಯಾರೂ ಹೊಸದಾಗಿ ಹುಟ್ಟಿಸುವುದಿಲ್ಲ. ನೀನು ಕುಡಿಯುವ ನೀರಲ್ಲೂ ಇದೆ. ಸುಮಾರು 6,400 ಹೈಡ್ರೋಜನ್ ಪರಮಾಣುಗಳಲ್ಲಿ ಒಂದು ಡ್ಯೂಟೀರಿಯಂ. ಅಂದರೆ ಒಂದು ಟನ್ ನೀರಲ್ಲಿ ಸಿಗಬಹುದಾದ ಭಾರಜಲ ಹೆಚ್ಚೆಂದರೆ 170 ಗ್ರಾಂ. ಅದೂ ಪೂರ್ತಿ ಕೈಗೆ ಬರುವುದಿಲ್ಲ. ಬೆಲೆ ಇರುವುದು ನೀರಿಗಲ್ಲ, ಬೇರ್ಪಡಿಸುವ ಕೆಲಸಕ್ಕೆ.

ನಮ್ಮಲ್ಲಿ ಹೈಡ್ರೋಜನ್ ಸಲ್ಫೈಡ್ ಗ್ಯಾಸ್ ಬಳಸುತ್ತಿದ್ದರು. ಕೊಳೆತ ಮೊಟ್ಟೆ ವಾಸನೆಯದು. ಎತ್ತರದ ಟವರಿನಲ್ಲಿ ನೀರು ಮೇಲಿಂದ ಇಳಿಯುತ್ತದೆ, ಗ್ಯಾಸ್ ಕೆಳಗಿಂದ ಏರುತ್ತದೆ. ಸುಮಾರು 30 ಡಿಗ್ರಿಯಲ್ಲಿ ಡ್ಯೂಟೀರಿಯಂ ಗ್ಯಾಸ್ ಬಿಟ್ಟು ನೀರಿನ ಕಡೆ ವಾಲುತ್ತದೆ. 130 ಡಿಗ್ರಿ ಆಸುಪಾಸಿನಲ್ಲಿ ಗ್ಯಾಸಿನ ಕಡೆಗೆ. ಇದನ್ನೇ ಹಂತ ಹಂತವಾಗಿ ಮಾಡುತ್ತಾ ಹೋಗಬೇಕು. ಕೊನೆಗೆ ನಿರ್ವಾತದಲ್ಲಿ ಬಟ್ಟಿ ಇಳಿಸಿ ಶೇ. 99.7ರ ಮೇಲೆ ಶುದ್ಧ ಮಾಡುತ್ತಾರೆ. ಇಷ್ಟಕ್ಕೆಲ್ಲ ಹಬೆ ಬೇಕು, ಕರೆಂಟ್ ಬೇಕು. ಅದಕ್ಕೇ ಅಂತ ಕಲ್ಲಿದ್ದಲು ಉರಿಸುವ ಪವರ್ ಹೌಸ್ ಸ್ಥಾವರದ ಜೊತೆಗೇ ಇದೆ. ಆ ಗ್ಯಾಸ್ ವಿಷ ಬೇರೆ. ವಾಸನೆ ಬಂದರೆ ಎಚ್ಚರ, ಬರುತ್ತಿದ್ದ ವಾಸನೆ ಸಟಕ್ಕನೆ ನಿಂತರೆ ಇನ್ನೂ ಜಾಸ್ತಿ ಎಚ್ಚರ. ಗ್ಯಾಸ್ ಹೆಚ್ಚಾದರೆ ಮೂಗೇ ಸತ್ತುಹೋಗುತ್ತದೆ.

ಯಲ್ಲಾಪುರದ ಹುಡುಗಿ:
ಥ್ಯಾಂಕ್ಸ್ ಸರ್. ಹಾಗಾದರೆ ಕದ್ರಾ ನೀರನ್ನೇ ರಿಯಾಕ್ಟರಿಗೆ ಹಾಕಿದರೆ ಏನಾಗುತ್ತದೆ?

ಮಣುಗೂರು ರಿಟೈರ್ಡ್:
ಕದ್ರಾ ನೀರು ಹಬೆಯನ್ನು ಮತ್ತೆ ನೀರಾಗಿಸುವ ಕಂಡೆನ್ಸರ್ ತಣಿಸಲು ಹೋಗುತ್ತದೆ. ರಿಯಾಕ್ಟರ್ ಒಳಗೆ ಅದು ನಡೆಯಲ್ಲ. ಕೈಗಾದಲ್ಲಿ ಉರಿಸುವುದು ನೈಸರ್ಗಿಕ ಯುರೇನಿಯಂ. ಅದರಲ್ಲಿ ಯುರೇನಿಯಂ-235 ಇರುವುದು ಶೇ. 0.7 ಮಾತ್ರ. ಅದನ್ನು ಚೆನ್ನಾಗಿ ಒಡೆಯುವುದು ನಿಧಾನದ ನ್ಯೂಟ್ರಾನ್; ನ್ಯೂಟ್ರಾನಿನ ವೇಗ ಇಳಿಸಲೆಂದೇ ಒಳಗೆ ಭಾರಜಲ ಇಡುವುದು. ಒಂದೊಂದು ನ್ಯೂಟ್ರಾನೂ ಲೆಕ್ಕಕ್ಕೆ ಬರುತ್ತದೆ. ಮಾಮೂಲಿ ಹೈಡ್ರೋಜನ್ ನ್ಯೂಟ್ರಾನಿನ ವೇಗ ಇಳಿಸುತ್ತದೆ ನಿಜ, ಆದರೆ ಕೆಲವನ್ನು ನುಂಗಿಯೂ ಬಿಡುತ್ತದೆ. ಡ್ಯೂಟೀರಿಯಂ ಬಳಿ ಆಗಲೇ ಒಂದು ನ್ಯೂಟ್ರಾನ್ ಇದೆ. ಇನ್ನೊಂದನ್ನು ತೆಗೆದುಕೊಳ್ಳುವುದು ಬಲು ಅಪರೂಪ. ಹಗುರ ನೀರು ಬಳಸುವ ರಿಯಾಕ್ಟರುಗಳಿಗೆ ಸಮೃದ್ಧೀಕರಿಸಿದ, ಅಂದರೆ 235ರ ಪಾಲು ಹೆಚ್ಚಿಸಿದ ಯುರೇನಿಯಂ ಬೇಕಾಗುವುದು ಇದಕ್ಕೇ.

ಕೆಮಿಸ್ಟ್ರಿ ಮೇಡಂ:
ಸರ್ ಹೇಳಿದ್ದಕ್ಕೆ ನನ್ನದೊಂದು. ಭಾರಜಲ ಮಾಮೂಲಿ ನೀರಿಗಿಂತ ಸುಮಾರು ಶೇ. 11 ಹೆಚ್ಚು ತೂಕ. 3.8 ಡಿಗ್ರಿಯಲ್ಲೇ ಹೆಪ್ಪುಗಟ್ಟುತ್ತದೆ, ಕುದಿಯುವುದು 101.4ರಲ್ಲಿ. ಅದರ ಐಸ್ ತುಂಡನ್ನು ಮಾಮೂಲಿ ನೀರಿಗೆ ಹಾಕಿದರೆ ಮುಳುಗುತ್ತದೆ! ಡ್ಯೂಟೀರಿಯಂ ಕಂಡುಹಿಡಿದ ಹೆರಾಲ್ಡ್ ಯೂರಿಗೆ 1934ರಲ್ಲಿ ನೊಬೆಲ್ ಬಂತು. ಪರೀಕ್ಷೆಗೆ ಇಷ್ಟು ಸಾಕು.

ದಾಂಡೇಲಿ ಬೈಕರ್:
ಅದೆಲ್ಲ ಸರಿ, ಒಂದು ಗುಟುಕು ಕುಡಿದರೆ ಸಾಯ್ತೀವಾ?

ಮಣುಗೂರು ರಿಟೈರ್ಡ್:
ಶುದ್ಧ ಭಾರಜಲ ಒಂದು ಗುಟುಕು ಹೋದರೆ ಏನೂ ಆಗಲ್ಲ, ಅದಕ್ಕೆ ವಿಕಿರಣವೂ ಇಲ್ಲ. ಮೈಯ ನೀರಿನಲ್ಲಿ ದೊಡ್ಡ ಪಾಲೇ ಭಾರಜಲವಾದರೆ ಜೀವಕೋಶಗಳು ವಿಭಜನೆಯಾಗಲು ಒದ್ದಾಡುತ್ತವೆ. ರಿಯಾಕ್ಟರಿನಲ್ಲಿ ಓಡಾಡಿದ ಭಾರಜಲದ ಕಥೆ ಬೇರೆ. ಅಪರೂಪಕ್ಕೆ ನ್ಯೂಟ್ರಾನ್ ಹಿಡಿದ ಡ್ಯೂಟೀರಿಯಂ ವಿಕಿರಣ ಸೂಸುವ ಟ್ರಿಟಿಯಂ ಆಗಿರುತ್ತದೆ. ಅದರ ಅರ್ಧಾಯು, ಅಂದರೆ ಅರ್ಧದಷ್ಟು ಕರಗಲು ಬೇಕಾದ ಕಾಲ, 12.3 ವರ್ಷ. ಅದರ ಬೀಟಾ ಕಿರಣ ಚರ್ಮ ದಾಟಲ್ಲ, ಆದರೆ ಉಸಿರಿನಲ್ಲೋ ನೀರಿನಲ್ಲೋ ಒಳಗೆ ಹೋದರೆ ಮೈ ತುಂಬ ಹರಡುತ್ತದೆ. ಅಲ್ಲಿ ಕೆಲಸ ಮಾಡುವವರ ಮೂತ್ರ ಪರೀಕ್ಷೆ ಮಾಡುವುದು ಇದಕ್ಕೇ. ಹಾಗಾಗಿ ಹುಡುಗೀ, ಸೋರಿದ್ದನ್ನು ಹಿಡಿಯಲು ದುಡ್ಡೊಂದೇ ಕಾರಣ ಅಲ್ಲ ಅಂತ ನಿಮ್ಮ ಮಾವನಿಗೆ ಹೇಳು.