ಸಹಾಯ ಬೇಕು: ಆಪರೇಷನ್‌ಗೆ ಮೊದಲಿನ ಉಪವಾಸ ನಿಮ್ಮ ವಾರ್ಡಿನಲ್ಲಿ ಹೇಗೆ?

ಎಲ್ಲರಿಗೂ ನಮಸ್ಕಾರ. ನಾನು ಮಂಗಳೂರಿನ ಒಂದು ಆಸ್ಪತ್ರೆಯ ಸರ್ಜರಿ ವಾರ್ಡಿನಲ್ಲಿ ಸ್ಟಾಫ್ ನರ್ಸ್. ನಮ್ಮಲ್ಲಿ ಇನ್ನೂ ಹಳೇ ಕ್ರಮವೇ. ರಾತ್ರಿ 12 ಆಯ್ತು ಅಂದರೆ ಮರುದಿನದ ಎಲ್ಲ ಕೇಸುಗಳ ಮಂಚಕ್ಕೂ ಎನ್‌ಪಿಒ (ಬಾಯಿಗೆ ಏನೂ ಕೊಡಬಾರದು) ಬೋರ್ಡ್. ಬೆಳಗ್ಗೆ 8ರ ಕೇಸಿಗೆ ಸರಿ, ಆದರೆ ಲಿಸ್ಟಿನ ಕೊನೆಯವರ ಸರದಿ ಬರುವಾಗ ಮಧ್ಯಾಹ್ನ 3. ಈ ಸೆಕೆಗೆ ತುಟಿ ಒಣಗಿ, ತಲೆನೋವು ಬಂದು, "ಸಿಸ್ಟರ್, ಒಂದು ಗುಟುಕು ನೀರಾದ್ರೂ ಕೊಡಿ ಮಾರಾಯ್ರೆ" ಅನ್ನುತ್ತಾರೆ. ಶುಗರ್ ಇರುವವರ ಪಾಡಂತೂ ಕೇಳುವುದೇ ಬೇಡ.

ಅಮೆರಿಕದ ಅರಿವಳಿಕೆ ತಜ್ಞರ ಸಂಘದ ಮಾರ್ಗಸೂಚಿ 1999ರಿಂದಲೇ ಬೇರೆ ಹೇಳುತ್ತದೆ. ನೀರು, ಹಾಲಿಲ್ಲದ ಚಾ ಆದರೆ ಅರಿವಳಿಕೆಗೆ 2 ಗಂಟೆ ಮೊದಲಿನವರೆಗೂ ಕುಡಿಯಬಹುದು. ಎದೆಹಾಲಿಗೆ 4 ಗಂಟೆ, ಹಗುರ ತಿಂಡಿಗೆ 6. ಎಣ್ಣೆ ತಿಂಡಿ, ಮಾಂಸಕ್ಕೆ 8 ಗಂಟೆಯೂ ಬೇಕಾಗಬಹುದು. ತುರ್ತು ಕೇಸು, ಹೆರಿಗೆ ನೋವಿನಲ್ಲಿರುವವರ ಲೆಕ್ಕ ಬೇರೆ, ಅದು ಗೊತ್ತು.

ಉಡುಪಿ, ಮಣಿಪಾಲ ಕಡೆಯವರು ಸ್ವಲ್ಪ ಹೇಳಿ. ಲಿಸ್ಟ್ ತಡವಾದರೆ ವಾರ್ಡಿಗೆ ಫೋನ್ ಮಾಡುವುದು ಯಾರು, ಓಟಿಯವರಾ (ಆಪರೇಷನ್ ಥಿಯೇಟರಿನವರಾ)? ನೀರು ಕೊಡಲು ಅನಸ್ತೇಶಿಯಾ ಡಾಕ್ಟರ ಆರ್ಡರ್ ಪ್ರತಿ ಸಲ ಬರೆಸಿಕೊಳ್ಳುತ್ತೀರಾ? ಮತ್ತೆ ಜೊತೆಗಿರುವವರದ್ದು ಇನ್ನೊಂದು ತಲೆಬಿಸಿ: ನೀರು ಕುಡಿಯಬಹುದು ಅಂದರೆ "ಗಂಜಿಯೂ ನೀರೇ ಅಲ್ವಾ" ಅಂತ ಕುಡಿಸಿಬಿಡುತ್ತಾರೆ! ಕನ್ನಡ ಅಥವಾ ತುಳುವಿನಲ್ಲಿ ಬರೆದ ಚೀಟಿ ಯಾರ ಹತ್ತಿರವಾದರೂ ಇದ್ದರೆ ಫೋಟೋ ಹಾಕಿ.